ನಾದಿನಿ ಬರೆದ ನೀರಿನ ಮಟ್ಟ

ನನ್ನ ನಾದಿನಿ ಬಂದರಿನಲ್ಲಿ ಸಮುದ್ರದ ನೀರಿನ ಮಟ್ಟ ಬರೆಯುತ್ತಾಳೆ. ಇಪ್ಪತ್ತಾರು ವರ್ಷವಾಯಿತು. ಮೊದಲು ಅವಳ ಅಪ್ಪ, ನಮ್ಮ ಮಾವ, ಬರೆಯುತ್ತಿದ್ದರು. ಕಟ್ಟೆಯ ಪಕ್ಕ ನೀರಿನಲ್ಲಿ ನಿಂತ ಕಂಬದ ಮೇಲೆ ಅಂಕಿಗಳಿವೆ. ಬೆಳಗ್ಗೆ ಆರಕ್ಕೆ, ಸಂಜೆ ಆರಕ್ಕೆ ಹೋಗಿ ನೀರು ಯಾವ ಅಂಕಿಗೆ ಮುಟ್ಟಿದೆಯೋ ನೋಡಿ ಪುಸ್ತಕದಲ್ಲಿ ಬರೆಯಬೇಕು. ಮದುವೆ ಯಾಕಾಗಲಿಲ್ಲ ಎಂದು ಯಾರಾದರೂ ಕೇಳಿದರೆ, "ಸಮುದ್ರಕ್ಕೇ ದಿನಕ್ಕೆರಡು ಸಲ ಹಾಜರಿ ಹಾಕ್ಬೇಕು, ಇನ್ನು ಗಂಡನಿಗೆಲ್ಲಿ ಹಾಕ್ಲಿ?" ಅನ್ನುತ್ತಿದ್ದಳು. ನನ್ನ ಗಂಡ ತೀರಿಕೊಂಡ ಬೆಳಗ್ಗೆಯೂ ಬರೆದು ಬಂದು, ಆಮೇಲೆ ಅಣ್ಣನ ಕಾಲ ಬಳಿ ಕೂತಳು. ನಾನು ಬೇಸರ ಮಾಡಿಕೊಳ್ಳಲಿಲ್ಲ. ಆವತ್ತು ನನಗೆ ಯಾವುದೂ ತಾಗುತ್ತಿರಲಿಲ್ಲ.

ಮೂರು ವರ್ಷದ ಕೆಳಗೆ ಬಂದರು ಆಫೀಸಿನವರು ಆ ಪುಸ್ತಕಗಳನ್ನೆಲ್ಲ ಕಂಪ್ಯೂಟರಿಗೆ ಹಾಕಿದರು. ಅದರೊಳಗೆ ನಮ್ಮ ದಡ, ಬಂದರು, ಬೀದಿ ಎಲ್ಲದರ ನಕ್ಷೆಯೂ ಇದೆ. ಬಿರುಗಾಳಿ ಬಂದರೆ ನೀರು ಎಲ್ಲಿಯವರೆಗೆ ಏರುತ್ತದೆಂದು ಮೊದಲೇ ತೋರಿಸುತ್ತದೆ. ಅದನ್ನು ನೋಡಿ ಕೆಂಪು ಗೆರೆ ಎಳೆದರು. ಗೆರೆಯ ಒಳಗಿನವರು ಮನೆ ಬಿಡಬೇಕು. ಗೆರೆ ನಮ್ಮ ಬೀದಿಗಿಂತ ಕೆಳಗೇ ನಿಂತಿತು. ನಾವು ಉಳಿದುಕೊಂಡೆವು.

ಈ ವರ್ಷದ ಬಿರುಗಾಳಿಗೆ ನೀರು ನಮ್ಮ ಮೊದಲ ಮೆಟ್ಟಿಲಿಗೂ ಬರುವುದಿಲ್ಲ ಎಂದಿತ್ತು ಆ ಕಂಪ್ಯೂಟರು. ನಾಲ್ಕನೆಯದು ಮುಳುಗಿತು. ಮುಂದಿನ ವಾರ ಆಫೀಸಿನ ಎಂಜಿನಿಯರ್ ಹುಡುಗಿ ಮನೆಗೆ ಬಂದಳು.

"ಅಕ್ಕಾ, ಅಲೆ ಜೋರಿದ್ದ ದಿನ ಕಂಬದ ಮೇಲೆ ನೀರು ಏರಿ ಇಳಿದು ಮಾಡುತ್ತಲ್ಲ, ಆಗ ಯಾವ ಅಂಕಿ ಬರೀತೀರಿ? ನಡುವಿಂದು ತಾನೆ?"

ನಾದಿನಿ, "ನಾಳೆ ಆಫೀಸಿಗೇ ಬಂದು ಹೇಳ್ತೀನಿ" ಅಂದಳು.

ಹುಡುಗಿ ಹೋದ ಮೇಲೆ ನನಗೆ ಹೇಳಿದಳು. ಏರಿದ್ದು ಬರೀ ಅಲೆ, ಪೂರ್ತಿ ಇಳಿದಾಗ ಇರುವುದೇ ನೀರು ಎಂದು ಮಾವ ಕಲಿಸಿದ್ದರಂತೆ. ಬಿರುಗಾಳಿಯ ದಿನಗಳಲ್ಲೆಲ್ಲ ಇಬ್ಬರೂ ತೀರಾ ಕೆಳಗಿನ ಅಂಕಿಯನ್ನೇ ಬರೆದಿದ್ದರು. ಆ ಕಡಿಮೆ ಅಂಕಿ ನಂಬಿಯೇ ಗೆರೆ ನಮ್ಮ ಬೀದಿಗಿಂತ ಕೆಳಗೆ ನಿಂತಿತ್ತು; ತಿದ್ದಿದರೆ ಮೇಲೇರುತ್ತದೆ.

"ನಡುವಿಂದೇ ಅಂದ್ಬಿಡೇ. ಮನೆ ಉಳಿಯುತ್ತೆ" ಅಂದೆ.

"ಮುಂದಿನ ಸಲ ನೀರು ನಾಲ್ಕನೇ ಮೆಟ್ಟಿಲಿಗೇ ನಿಲ್ಲುತ್ತಾ ಅತ್ತಿಗೆ?"

"ನಂಗೆ ಎಪ್ಪತ್ತೆರಡು ಕಣೇ. ಮುಂದಿನ ಸಲಕ್ಕೆ ನಾನಿದ್ರೆ ತಾನೆ."

"ನೀವಿಲ್ದಿದ್ರೆ ಪಕ್ಕದ ಮನೆ ಬಾಣಂತಿ ಇರ್ತಾಳೆ."

ಮರುದಿನ ಇಬ್ಬರೂ ಹೋದೆವು. "ಇಳಿದಾಗಿಂದು ಬರೆದಿದ್ದೀನಮ್ಮ. ಅಪ್ಪನೂ ಅಷ್ಟೇ" ಅಂದಳು.

ಹುಡುಗಿ ಬೈಯಲಿಲ್ಲ. "ನಾವೂ ಇದನ್ನ ಮೊದಲೇ ಕೇಳ್ಬೇಕಿತ್ತು ಅಕ್ಕಾ" ಅಂದು ಅಂಕಿ ತಿದ್ದತೊಡಗಿದಳು. ಮಧ್ಯಾಹ್ನದವರೆಗೆ ಬೆಂಚಿನ ಮೇಲೆ ಕೂತಿದ್ದೆವು. ಆಮೇಲೆ ಕರೆದು ತೋರಿಸಿದಳು. ಪರದೆಯ ಮೇಲೆ ಗೆರೆ ನಮ್ಮ ಬೀದಿಯ ಕ್ಷೌರದಂಗಡಿ ದಾಟಿ, ನಮ್ಮ ಮನೆ ದಾಟಿ, ಹಿಂದಿನ ರಸ್ತೆಯಲ್ಲಿತ್ತು. ನನ್ನ ಅಡುಗೆಮನೆ ಒಂದು ಸಣ್ಣ ಚೌಕ. ನೋಡಿದೆ. ಬೇರೆ ಯಾರದೋ ಮನೆ ನೋಡಿದ ಹಾಗಿತ್ತು.

ಮೂವತ್ತೊಂದು ಮನೆಗೆ ನೋಟೀಸು ಬಂತು. ಬೀದಿಯವರು ಅವಳನ್ನು ಮಾತಾಡಿಸುವುದು ಬಿಟ್ಟರು. ಬಾಣಂತಿಯ ಅತ್ತೆಯೂ ಬಿಟ್ಟಳು. ನಮಗೆ ಮೇಲುಬೀದಿಯಲ್ಲಿ, ಮೂರನೇ ಮಹಡಿಯಲ್ಲಿ ಎರಡು ಕೋಣೆ ಕೊಟ್ಟಿದ್ದಾರೆ. ಬಂದರಿಗೆ ನಲವತ್ತು ನಿಮಿಷದ ನಡಿಗೆ.

ಸಾಮಾನು ಕಟ್ಟಿದ ದಿನ ಅವಳು ಪೆಟ್ಟಿಗೆಯ ಮೇಲೆ ಕೂತು, "ಒಂದ್ಸಲ ಬೈದುಬಿಡಿ ಅತ್ತಿಗೆ" ಅಂದಳು.

ಬೈಯೋಣವೆಂದೇ ಬಾಯಿ ತೆರೆದೆ. ನನ್ನೊಳಗೆ ಸಿಟ್ಟೂ ಇರಲಿಲ್ಲ, ದುಃಖವೂ ಇರಲಿಲ್ಲ. "ಆ ಹಗ್ಗ ಇತ್ಲಾಗೆ ಕೊಡು" ಅಂದೆ.