ಎರವಲು ಪ್ರೊಜೆಕ್ಟರ್

ಅಕ್ಕ ನನ್ನಿಂದ ಕೇಳಿದ್ದು ಒಂದೇ ಒಂದು ಮಾತು. ಅದನ್ನು ನಾನು ಹೇಳಲಿಲ್ಲ. ಅವಳು ಬದುಕಿರುವವರೆಗೂ ಹೇಳಲಿಲ್ಲ.

ಹೋದ ವಾರ ಹೊಳೆನರಸೀಪುರದ ಹತ್ತಿರದ ಒಂದು ಹೈಸ್ಕೂಲಿನಲ್ಲಿ ನನ್ನ ಲಗೇಜ್ ಆಟೋಗೆ ಒಂದು ಪೆಟ್ಟಿಗೆ ಏರಿಸಿದರು. ಒಳಗೆ ಪ್ರೊಜೆಕ್ಟರ್. ಆಯುಧಪೂಜೆಯ ಕುಂಕುಮ, ಕರ್ಪೂರ, ಕಾದು ತಣಿದ ಪ್ಲಾಸ್ಟಿಕ್... ಮೂರೂ ಬೆರೆತ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಅಕ್ಕ ಎದುರಿಗೆ ಬಂದು ನಿಂತಂತಾಯಿತು.

ನಮ್ಮದು ಕಟ್ಟಾಯದ ಕಡೆ. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟೆ. ಅಕ್ಕ ಬಿಡಲಿಲ್ಲ. ಮದುವೆಯ ಮಾತು ತೆಗೆದಾಗಲೆಲ್ಲ, "ಓದು ಮುಗೀಲಿ, ಆಮ್ಯಾಕೆ ನೋಡಾನ," ಎಂದು ಎದ್ದು ಹೋಗುತ್ತಿದ್ದಳು. ಹಾಸನದಲ್ಲಿ ಎಂ.ಎಡ್. ಓದುವಾಗ ಅವಳು ಒಂದು ಪ್ರಶ್ನೆ ಹಿಡಿದಳು. ಹೈಸ್ಕೂಲಿಗೆ ಕಂಪ್ಯೂಟರ್, ಪ್ರೊಜೆಕ್ಟರ್ ಬಂದ ಮೇಲೆ ಮಕ್ಕಳ ಕಲಿಕೆ ನಿಜವಾಗಿ ಸುಧಾರಿಸಿದೆಯೇ? ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ತಾಲ್ಲೂಕುಗಳ ಶಾಲೆಗಳಿಗೆ ಮೊದಲೇ ತಿಳಿಸಿ, ದಿನ ಗೊತ್ತುಮಾಡಿಕೊಂಡು ಹೋಗುತ್ತಿದ್ದಳು.

ಮೊದಲೇ ತಿಳಿಸಿದ್ದೇ ತಪ್ಪಾಯಿತು. ಕೆಲವು ಶಾಲೆಗಳಲ್ಲಿ ಪ್ರೊಜೆಕ್ಟರ್ ಕೆಟ್ಟು ಮೂಲೆ ಸೇರಿತ್ತು. ಬಂದವರ ಮುಂದೆ ಮಾನ ಹೋಗಬಾರದೆಂದು, ಮದುವೆ ಮನೆಗೆ ಪಾತ್ರೆ ಎರವಲು ತರುವ ಹಾಗೆ, ಬೇರೆ ಶಾಲೆಯಿಂದ ಒಂದನ್ನು ತರಿಸಿಡುತ್ತಿದ್ದರು. ಸಾಗಿಸುವ ಆಟೋ ನನ್ನದು. ಕರೆದವರು ನನಗೆ ಪಾಠ ಹೇಳಿದ್ದ ಮೇಷ್ಟ್ರು. "ನಿಮ್ಮಕ್ಕನೇ ಬತ್ತಿರೋದು ಕಣಯ್ಯಾ. ಮನೆ ಹುಡುಗಿ ಮುಂದೆ ಇಸ್ಕೂಲಿನ ಮಾನ ಕಳೀಬ್ಯಾಡ," ಎಂದರು. ನಾನು ಪೆಟ್ಟಿಗೆ ಹೊತ್ತು ಹಾಕಿದೆ.

ಅರಕಲಗೂಡಿನ ಕಡೆಯ ಒಂದು ಶಾಲೆಯಲ್ಲಿ ಗುಟ್ಟು ಬಯಲಾಯಿತು. ಗೋಡೆಗೆ ಬೆಳಕು ಬಿದ್ದಾಗ ಒಬ್ಬಳು ಹುಡುಗಿ ಓಡಿ ಬಂದು ಅಂಗೈ ಅಡ್ಡ ಹಿಡಿದು, "ಮಿಸ್, ಇದು ನಾಳೀಕೂ ಇರ್ತದಾ?" ಅಂದಳಂತೆ. ಅಕ್ಕ ಬಗ್ಗಿ ಪ್ರೊಜೆಕ್ಟರ್ ನೋಡಿದಳು. ಹಿಂದಿನ ದಿನ ಹೊಳೆನರಸೀಪುರದಲ್ಲಿ ಕಂಡಿದ್ದ ಅದೇ ಒಡೆದ ಮೂಲೆ, ಅದರ ಮೇಲೆ ಅದೇ ಕುಂಕುಮ.

ಹೊರಗೆ ಬಂದರೆ ಗೇಟಿನ ಬಳಿ ನಾನು.

"ಏನ್ಲಾ ನೀನಿಲ್ಲಿ?"

"ಎಳನೀರು ಲೋಡಿತ್ತು ಕಣಕ್ಕ."

ಅವಳು ಆಟೋ ಒಳಗೆ ಇಣುಕಿದಳು. ಪ್ರೊಜೆಕ್ಟರಿನ ಖಾಲಿ ಪೆಟ್ಟಿಗೆ, ಅದರ ಥರ್ಮಾಕೋಲ್ ಸಮೇತ, ಅಲ್ಲೇ ಬಿದ್ದಿತ್ತು. "ಎಳನೀರು ಈಗ ಥರ್ಮಾಕೋಲ್‌ನಾಗೆ ಬತ್ತಾವೇನ್ಲಾ?"

ಮನೆಗೆ ಬಂದ ಮೇಲೆ ಕೇಳಿದಳು. "ನಾನೇ ಸಾಗ್ಸಿದ್ದು ಅಂತ ಒಂದ್ ಮಾತು ಹೇಳ್ಬುಡು. ಸಾಕು ನಂಗೆ."

ಮೇಷ್ಟ್ರ ಭಯ, ಬಾಡಿಗೆ ತಪ್ಪುವ ಭಯ. "ಎಂಟ್ನೇ ಕ್ಲಾಸಿನೋನು ನಾನು. ಇದೆಲ್ಲ ನಂಗೇನು ಗೊತ್ತಾಯ್ತದೆ?" ಅಂದೆ.

"ಓದ್ದೆ ಇರೋನ್ಗೆ ಕಣ್ಣೂ ಇರಾಕಿಲ್ವಾ?" ಅಂದಳು.

ಮತ್ತೆ ಕೇಳಲಿಲ್ಲ. ಅಲ್ಲಿಯವರೆಗೆ ಕೂಡಿಸಿದ್ದ ಮಾಹಿತಿಯನ್ನೆಲ್ಲ ಬದಿಗಿಟ್ಟು, ಈ ಸಲ ಯಾರಿಗೂ ತಿಳಿಸದೆ, ಬಸ್ಸು ಹತ್ತಿ ಎಲ್ಲ ಶಾಲೆಗಳಿಗೂ ಇನ್ನೊಮ್ಮೆ ಹೋದಳು. ಒಳಗೆ ಬಿಡದ ಕಡೆ ಗಂಟೆ ಹೊಡೆಯುವವರೆಗೂ ಗೇಟಿನ ಮುಂದೆ ಕೂತಳು. ಹಲವು ಕಡೆ ಕಂಡದ್ದು ಕಂಪ್ಯೂಟರ್ ಕೋಣೆಗೆ ಹಾಕಿದ ಬೀಗ. ಚನ್ನರಾಯಪಟ್ಟಣದ ಕಡೆ ಒಂದು ಶಾಲೆಯಲ್ಲಿ ಮಾತ್ರ ಹಳೆಯ ಕಂಪ್ಯೂಟರಿನ ಸುತ್ತ ಮಕ್ಕಳು ಮುತ್ತಿಕೊಂಡು, ತಾವೇ ಒತ್ತಿ, ತಾವೇ ಕೆಡಿಸಿ, ತಾವೇ ಸರಿಮಾಡುತ್ತಿದ್ದರಂತೆ. ಅವರು ಓದಿನಲ್ಲೂ ಮುಂದಿದ್ದರು. ಶಾಲೆಯಲ್ಲಿ ಯಂತ್ರ ಇದ್ದರೆ ಸಾಲದು, ಮಕ್ಕಳ ಕೈಗೆ ಸಿಗಬೇಕು ಎಂದು ಬರೆದಳು. ಎರವಲು ತಂದದ್ದನ್ನೂ ಬರೆದಳು.

ಅದನ್ನು ಕಾಲೇಜಿನಲ್ಲಿ ಎಲ್ಲರೆದುರು ಮಂಡಿಸಿದ ದಿನ ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಮುಂದಿದ್ದ ಹಿರಿಯ ಪರೀಕ್ಷಕರೊಬ್ಬರು, "ನಮ್ಮ ಜಿಲ್ಲೆ ಮಾನ ಕಳೀತಿದೀಯಲ್ಲಮ್ಮಾ! ಎರವಲು ಸಾಗಿಸಿದ್ದನ್ನ ಕಂಡೋರು ಯಾರು?" ಎಂದು ಗದರಿದರು. ಅಕ್ಕ ನನ್ನ ಕಡೆ ನೋಡಿದಳು. ನಾನು ನನ್ನ ಚಪ್ಪಲಿ ನೋಡಿಕೊಂಡೆ...

"ಸಾಕ್ಷಿಗೆ ಯಾರೂ ಇಲ್ಲ ಸಾ," ಅಂದಳು. "ಆದ್ರೆ ಮಾನ ಹೋಗಿದ್ದು ಬೀಗ ಹಾಕಿದ್ದರಿಂದ, ನಾನು ಬರೆದಿದ್ದರಿಂದಲ್ಲ. ಒಂದು ಸಾಲನ್ನೂ ತೆಗಿಯಾಕಿಲ್ಲ."

ತೆಗೆಯಲಿಲ್ಲ. ಆ ಹಟಕ್ಕೆ ಅವಳ ಪದವಿ ಒಂದು ವರ್ಷ ತಡವಾಯಿತು. ನಾನು ಎದ್ದು ನಿಂತಿದ್ದರೆ ಅಂದೇ ಮುಗಿಯುತ್ತಿತ್ತು.

ಆಮೇಲೆ ಟೀಚರಾದಳು. ಅವಳ ಶಾಲೆಯ ಕಂಪ್ಯೂಟರ್ ಕೋಣೆಗೆ ಹಗಲು ಬೀಗ ಬೀಳುತ್ತಿರಲಿಲ್ಲ. ನನ್ನ ಆಟೋ ಕಂಡರೆ, "ಏನ್ಲಾ, ಎಳನೀರಾ?" ಎಂದು ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಕಾಯಿಲೆ ಬಂತು, ಹೋಗಿಬಿಟ್ಟಳು.

ಹೋದ ವಾರ ಪೆಟ್ಟಿಗೆ ಏರಿಸಿದ ಹೆಡ್ ಮೇಷ್ಟ್ರು, "ನಾಳೆ ಪಕ್ಕದೂರಿನ ಇಸ್ಕೂಲ್ಗೆ ಸಾಹೇಬ್ರು ಬತ್ತಾರೆ. ಬಿರ್ರನೆ ತಲುಪ್ಸು," ಅಂದರು. ನಾನು ಪೆಟ್ಟಿಗೆಯನ್ನು ಕೆಳಗಿಳಿಸಿದೆ.

"ಸಾಗ್ಸಾಕಿಲ್ಲ ಸಾ."

"ಊರಾಗೆ ನಿಂದೊಂದೇನಾ ಆಟೋ?"

"ಬೇರೆ ಸಿಕ್ತದೆ ಸಾ. ಆದ್ರೆ ಯಾರಾದ್ರೂ ಕೇಳಿದ್ರೆ ನಾನು ಹೇಳ್ತೀನಿ. ಹಿಂದೆ ಸಾಗ್ಸಿದ್ದೂ ನಾನೇ. ನಮ್ಮಕ್ಕ ಕೇಳಿದ್ಲು, ನಾನು ಬಾಯಿ ಬುಡಲಿಲ್ಲ."

ವರಾಂಡದಲ್ಲಿ ಮಕ್ಕಳು ನಿಂತು ನೋಡುತ್ತಿದ್ದರು. ನೋಡಲಿ ಎಂದುಕೊಂಡೆ. ಖಾಲಿ ಆಟೋ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದೆ.

"ಎಳನೀರಲ್ಲ ಕಣಕ್ಕ. ತಪ್ಪಾಯ್ತು."