ಎಲೆ ತಿಂದವರು, ಕಾಲು ತಿಂದವರು

ಇಪ್ಪತ್ತೆಂಟು ವರ್ಷದ ಕೆಲಸದಲ್ಲಿ ಬಡಗಿಯ ಮೂರು ಬೆರಳಿಗೆ ಉಳಿ ತಗುಲಿತ್ತು, ಮಾತಿಗೆ ಮಾತ್ರ ಏನೂ ತಗುಲಿರಲಿಲ್ಲ. ತಾನು ಮಾಡಿದ ಸಾಮಾನಿಗೆ ಹುಳು ಬೀಳುವುದಿಲ್ಲ ಎಂಬುದೇ ಆ ಮಾತು. ಕೇಳದವರಿಗೂ ಹೇಳುತ್ತಿದ್ದ.

ಅಂಥವನಿಗೆ ಒಂದು ಬೆಳಿಗ್ಗೆ ಅಕ್ಕನ ಫೋನ್ ಬಂತು. "ನೀನು ಮಾಡಿಕೊಟ್ಟ ಸ್ಟ್ಯಾಂಡಿನ ಹುಳು ನನ್ನ ಗಿಡ ಎಲ್ಲಾ ತಿಂತಿದೆ. ಬಂದು ಎತ್ಕೊಂಡು ಹೋಗು. ಮಗಳ ಕಪಾಟಿಗೂ ಬೇರೆಯವರನ್ನ ನೋಡ್ತೀನಿ."

ಆ ಮಗಳ ತೊಟ್ಟಿಲು ಮಾಡಿದವನೇ ಅವನು. ಬೇರೆ ಬಡಗಿ ಆ ಮನೆಯ ಮೆಟ್ಟಿಲು ಹತ್ತಿದರೆ ಇವನು ಬೀದಿಯಲ್ಲಿ ತಲೆ ಎತ್ತುವಂತಿಲ್ಲ. ಚಹಾ ಅರ್ಧಕ್ಕೇ ಬಿಟ್ಟು ಓಡಿದ.

ಬಾಲ್ಕನಿಯ ಸ್ಟ್ಯಾಂಡಿನ ಮೇಲೆ ಒಂಬತ್ತು ಕುಂಡ. ಎಲೆಯ ಅಂಚುಗಳೆಲ್ಲ ಕತ್ತರಿ ಆಡಿಸಿದಂತಿದ್ದವು.

"ಅಕ್ಕಾ, ಮರ ತಿನ್ನೋದು ಗೆದ್ದಲು. ಅದರ ಮೈ ಮೆತ್ತಗೆ, ಬಿಸಿಲು ತಡೆಯಲ್ಲ. ಮಣ್ಣಿನ ಕೊಳವೆ ಕಟ್ಕೊಂಡು, ಮನೆಮಂದಿನೆಲ್ಲ ಕರ್ಕೊಂಡು ಒಳಗೊಳಗೇ ಬರುತ್ತೆ. ಹೀಗೆ ಬಯಲಲ್ಲಿ ಕೂತು ಎಲೆ ಕಡಿಯೋ ಧೈರ್ಯ ಅದಕ್ಕೆಲ್ಲಿದೆ?"

"ಹುಳು ಅಂದ್ರೆ ಹುಳು ಕಣೋ. ನಿನ್ನ ವಕೀಲಿಕೆ ಬೇಡ."

ಅವನ ಕಿವಿ ಕೆಂಪಾಯಿತು. ಒಂದು ಕುಂಡವನ್ನು ಹಳೆ ಪೇಪರಿನ ಮೇಲೆ ಬೋರಲು ಹಾಕಿದ. ಬೇರಿನ ನಡುವೆ ಕಾಲಿಲ್ಲದ ಬಿಳಿ ಮರಿಹುಳುಗಳು ಹೊರಳಾಡಿದವು. ಎಲೆಯಡಿ ಕಪ್ಪು ಹುಳುವೊಂದು ಕೂತಿತ್ತು. ಮುಟ್ಟಿದೊಡನೆ ಕಾಲು ಮಡಚಿ ಬಿತ್ತು.

"ನೋಡು, ಮೂತಿಹುಳು. ಮುಂದೆ ಸೊಂಡಿಲು, ಮೇಲೆ ಗಟ್ಟಿ ಚಿಪ್ಪು. ಇದು ಎಲೆ ತಿನ್ನುತ್ತೆ, ಇದರ ಮಕ್ಕಳು ಬೇರು ತಿನ್ನುತ್ವೆ. ಕುಂಡದ ಜೊತೆ ನೀನೇ ತಂದಿದ್ದು."

"ಸತ್ತೋಯ್ತಲ್ಲೋ!"

"ನಾಟಕ. ಬೀಗರು ಬಂದ್ರೆ ಭಾವ ಮುಸುಕು ಹಾಕ್ಕೊಂಡು ಮಲಗಲ್ವಾ, ಹಾಗೆ."

ಒಳಕೋಣೆಯಲ್ಲಿ ಭಾವ ಕೆಮ್ಮಿದ.

ಗೆದ್ದವನು ಸುಮ್ಮನೆ ಹೊರಡಬೇಕಿತ್ತು. ಆದರೆ ತನ್ನ ಸಾಮಾನು ಎಲ್ಲಿ ಕಂಡರೂ ಬೆರಳ ಗೆಣ್ಣಿನಿಂದ ತಟ್ಟಿ ನೋಡುವುದು ಅವನ ಚಾಳಿ. ಸ್ಟ್ಯಾಂಡಿನ ಮೂರು ಕಾಲು ಟಕ್ ಎಂದವು. ಗೋಡೆ ಕಡೆಯದು ಡಬ್ ಎಂದಿತು, ಒಳಗೆ ಟೊಳ್ಳು. ಹಿಂದೆ ಕೈಯಾಡಿಸಿದರೆ ಗೆದ್ದಲಿನ ಮಣ್ಣಿನ ಗೆರೆ. ಆ ಒಂದು ಕಾಲಿಗೆ ಒಳ್ಳೆ ಮರ ಸಾಲದೆ, ತೊಗಟೆಯಡಿಯ, ಹುಳು ಬೇಗ ಹಿಡಿಯುವ ಬಿಳಿ ಭಾಗವನ್ನೇ ಹಾಕಿ ಪಾಲಿಶ್ ಬಳಿದಿದ್ದ.

ಅಕ್ಕ ಕುಂಡಕ್ಕೆ ಮಣ್ಣು ತುಂಬುತ್ತಿದ್ದಳು, ಏನೂ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಇನ್ನೊಂದು ವರ್ಷ ದೂಡಬಹುದಿತ್ತು. ಅವನು ಹಲ್ಲು ಕಡಿಯುತ್ತಾ ಸ್ಟ್ಯಾಂಡನ್ನೇ ತಿರುಗಿಸಿ ಇಟ್ಟ.

"ಎಲೆಗೆ ನಾನು ಹೊಣೆ ಅಲ್ಲ. ಈ ಕಾಲಿಗೆ ನಾನೇ."

ಅಕ್ಕ ಬಗ್ಗಿ ನೋಡಿದಳು. "ಕಪಾಟಿಗೂ ಇಂಥದೇನಾ?"

"ಹಾಕಿದ್ರೆ ನನ್ನ ಕೈ ಮುರಿ."

"ಮೊದಲು ಇದಕ್ಕೆ ಕಾಲು ಹಾಕು. ಸೋಮವಾರ ಕಪಾಟಿನ ಅಳತೆಗೆ ಬಾ. ಮರ ಆರಿಸೋಕೆ ನಾನೂ ಬರ್ತೀನಿ."

ಅವನ ಮರವನ್ನು ಇದುವರೆಗೆ ಇನ್ನೊಬ್ಬರು ಆರಿಸಿದ್ದೇ ಇಲ್ಲ. ಟೊಳ್ಳು ಕಾಲನ್ನು ಗೇಣಿನಿಂದ ಅಳೆಯುತ್ತಾ, "ಹೂಂ" ಎಂದ.