ಕವಚದ ಗಾಡಿಯ ಬೆಂಚು

ನೌಕರಿಯ ಅಷ್ಟೂ ವರ್ಷ ನಾನು ಕೆಲಸ ಮಾಡಿದ್ದು ಒಂದೇ ಗಾಡಿಯ ಮೇಲೆ. ಸೈನಿಕರನ್ನು ಹೊಟ್ಟೆಯಲ್ಲಿ ಕೂರಿಸಿಕೊಂಡು ಗುಂಡಿನ ಮಳೆಯೊಳಗೆ ನುಗ್ಗುವ ಉಕ್ಕಿನ ಕವಚದ ಗಾಡಿ ಅದು. ನಮ್ಮ ಕಾರ್ಖಾನೆಯ ಡ್ರಾಯಿಂಗ್ ವಿಭಾಗದಲ್ಲಿ ಅದಕ್ಕೆ ಬರೀ ‘ಗಾಡಿ’ ಎಂದೇ ಹೆಸರು. ಅದರ ಒಡಲನ್ನು ಯಾರೋ ಎಂದೋ ತೀರ್ಮಾನಿಸಿಬಿಟ್ಟಿದ್ದರು. ಅದನ್ನು ನಾವು ಹಿಗ್ಗಿಸುವಂತಿರಲಿಲ್ಲ. ಅದೇ ಒಡಲಿನಲ್ಲಿ ಬೇರೆ ಬೇರೆ ಗಾಡಿಗಳನ್ನು, ನಮ್ಮ ಬಾಯಲ್ಲಿ ‘ವೇರಿಯಂಟು’ಗಳನ್ನು, ಹುಟ್ಟಿಸುವುದು ನಮ್ಮ ಕೆಲಸ. ಮೇಲಿನ ಬಂದೂಕು ತೆಗೆದು ಒಳಗೆ ಸ್ಟ್ರೆಚರ್ ಜೋಡಿಸಿದರೆ ಆಂಬ್ಯುಲೆನ್ಸ್. ಸೈನಿಕರ ಬೆಂಚು ಕಿತ್ತು ಮೇಜು, ರೇಡಿಯೋ ಇಟ್ಟರೆ ಅಧಿಕಾರಿಗಳ ಗಾಡಿ. ಮೂತಿಗೆ ದಪ್ಪ ಹಲಗೆ ಕಟ್ಟಿದರೆ ಮಣ್ಣು ತಳ್ಳಿ ದಾರಿ ಮಾಡುವ ಗಾಡಿ.

“ಇದೇನು ಮಹಾ ಕೆಲ್ಸ ಕಣೇ, ಒಂದೇ ಹಿಟ್ಟು. ಇವತ್ತು ಇಡ್ಲಿ, ನಾಳೆ ದೋಸೆ, ಮಿಕ್ಕಿದ್ದು ಪಡ್ಡು,” ಎಂದು ನಮ್ಮವರು ರೇಗಿಸುತ್ತಿದ್ದರು. ಅವರು ಪದ್ಮನಾಭನಗರದ ಹೈಸ್ಕೂಲೊಂದರಲ್ಲಿ ಗಣಿತದ ಮೇಷ್ಟ್ರು. ಮಾತೇ ಅವರ ಕಸುಬು, ಮನೆಗೆ ಬಂದ ಮೇಲೂ ಬಾಯಿ ಸುಮ್ಮನಿರುತ್ತಿರಲಿಲ್ಲ. ನಾನು ಸಿಡುಕುತ್ತಿದ್ದೆ. ನಮ್ಮ ಗಾಡಿ ನೀರಿಗಿಳಿದರೆ ತೇಲಬೇಕಿತ್ತು. ಹಾಗಾಗಿ ಏನು ಸೇರಿಸಿದರೂ ಅಷ್ಟೇ ಭಾರದ್ದನ್ನು ತೆಗೆಯಬೇಕು. ಸೇರಿಸಲು ಎಲ್ಲರೂ ಮುಂದೆ ಬರುತ್ತಾರೆ. ಏನನ್ನು ತೆಗೆಯುವುದು ಎಂದು ಕೇಳಿದಾಗ ಮೀಟಿಂಗಿನಲ್ಲಿ ಎಲ್ಲರ ಬಾಯಿಗೂ ಬೀಗ. ಆ ಉತ್ತರ ಹುಡುಕುವುದು ನನ್ನ ಪಾಲಿಗೆ ಬರುತ್ತಿತ್ತು, ಅದರಲ್ಲಿ ನನಗೆ ಒಳಗೊಳಗೇ ಜಂಬವೂ ಇತ್ತು.

ಇಬ್ಬರೂ ನಿವೃತ್ತರಾಗಿ ಸ್ವಲ್ಪ ಕಾಲ ಕಳೆದಿತ್ತು, ಅಷ್ಟರಲ್ಲಿ ಅವರಿಗೆ ನರಗಳ ಕಾಯಿಲೆ ಬಂತು. ಮೊದಲು ಬೆರಳು ಸೋತವು, ಆಮೇಲೆ ಕಾಲು. ಮುಂದೆ ಗಂಟಲೂ ಸೋಲುತ್ತದೆ, ಬುದ್ಧಿಗೆ ಏನೂ ಆಗುವುದಿಲ್ಲ ಎಂದು ಡಾಕ್ಟರು ಹೇಳಿದರು. ಬುದ್ಧಿಗೆ ಏನೂ ಆಗುವುದಿಲ್ಲ ಎಂಬುದನ್ನು ಅವರು ಸಮಾಧಾನಕ್ಕೆಂದು ಹೇಳಿದ್ದು. ನನಗೆ ಹೆಚ್ಚು ಭಯವಾಗಿದ್ದು ಅದಕ್ಕೇ.

ಕತ್ರಿಗುಪ್ಪೆಯ ನಮ್ಮ ಮನೆ ಮೂವತ್ತು ನಲವತ್ತರ ಸೈಟಿನದು. ಕೆಳಗಡೆ ಬಾಡಿಗೆಗೆ, ಮೇಲೆ ನಾವು. ಮಲಗುವ ಕೋಣೆ ಎರಡು ಮಂಚ, ಒಂದು ಬೀರು ಹಿಡಿಸುವಷ್ಟು. ಆ ಕೋಣೆಯೇ ನನ್ನ ಕೊನೆಯ ಗಾಡಿಯಾಯಿತು. ಗೋಡೆಗೆ ಹಿಡಿದುಕೊಳ್ಳಲು ಸರಳು ಬಂತು. ಅದು ಸಾಲದೆ ಗಾಲಿಕುರ್ಚಿ ಬಂತು, ಅದಕ್ಕಾಗಿ ಕನ್ನಡಿಯ ಮೇಜು ಹೋಯಿತು. ಬಚ್ಚಲಿನ ಬಾಗಿಲು ಅಡ್ಡ ಬರುತ್ತಿತ್ತೆಂದು ಅದನ್ನು ಕೀಳಿಸಿ ಪರದೆ ಕಟ್ಟಿದೆ. ಪ್ರತಿ ಸಲವೂ ನಮ್ಮವರು, “ಇವತ್ತು ಯಾವ ವೇರಿಯಂಟೇ?” ಎಂದು ಕೇಳುತ್ತಿದ್ದರು. ಮಾತು ಆಗಲೇ ನಿಧಾನವಾಗಿ, ತೊದಲಾಗಿ ಬರುತ್ತಿತ್ತು. ನೋಡಲು ಬಂದ ನೆಂಟರು ಅರ್ಥವಾಗದೆ ಸುಮ್ಮನೆ ನಗುತ್ತಿದ್ದರು. ಆ ನಗು ನೋಡಿದರೆ ನನಗೆ ಅವರು ತಂದ ಸೇಬನ್ನು ಅವರ ಕೈಗೇ ಕೊಟ್ಟು ಕಳಿಸಿಬಿಡೋಣ ಅನ್ನಿಸುತ್ತಿತ್ತು.

ಆಮೇಲೆ ತಲೆಯ ಕಡೆ ಏರಿಸಿ ಇಳಿಸುವ ಆಸ್ಪತ್ರೆಯ ಮಂಚ ಬಂತು. ಅದರ ಹಿಂದೆಯೇ ಉಸಿರಾಟಕ್ಕೆ ನೆರವಾಗುವ ಯಂತ್ರ, ಕಫ ತೆಗೆಯುವ ಯಂತ್ರ. ಬೀರುವನ್ನು ಹಾಲಿಗೆ ಸಾಗಿಸಿದರೂ ಜಾಗ ಸಾಲಲಿಲ್ಲ. ಇನ್ನು ತೆಗೆಯಲು ಉಳಿದದ್ದು ನನ್ನ ಮಂಚ ಒಂದೇ.

ಅರೆಕೆರೆಯಿಂದ ಮಗಳು ಬಂದಳು. “ಅಮ್ಮ, ನೀನು ಹಾಲಲ್ಲಿ ಮಲ್ಕೋ. ಇಲ್ಲೊಂದು ಕ್ಯಾಮೆರಾ ಹಾಕ್ಸೋಣ. ಅಪ್ಪ ಸ್ವಲ್ಪ ಅಲುಗಾಡಿದ್ರೂ ನಿನ್ನ ಮೊಬೈಲ್‌ನಲ್ಲಿ ಕಾಣತ್ತೆ,” ಎಂದಳು. ಅವಳು ಹೇಳಿದ್ದರಲ್ಲಿ ತಪ್ಪೇನಿರಲಿಲ್ಲ. ನಮ್ಮವರು ಮಾತು ಜೋಡಿಸಿಕೊಳ್ಳಲು ಬಹಳ ಹೊತ್ತು ತೆಗೆದುಕೊಂಡರು. ನಾವಿಬ್ಬರೂ ಕಾದೆವು.

“ಕ್ಯಾಮೆರಾ ನನ್ನ ನೋಡತ್ತೆ. ನಾನು ಯಾರನ್ನ ನೋಡ್ಲಿ?”

ಮಗಳು ಅಡುಗೆಮನೆಗೆ ಹೋಗಿ ಅತ್ತಳು. ಅವರಿಗೆ ಬೆಲ್ ಒತ್ತಲು ಬೆರಳಿರಲಿಲ್ಲ, ಕೂಗಲು ಗಂಟಲು ಉಳಿಯುವಂತಿರಲಿಲ್ಲ. ಉಳಿಯುವುದು ಕಣ್ಣು ಮಾತ್ರ. ಆ ಕಣ್ಣಿಗೆ ಕಾಣುವ ಕಡೆ ನಾನು ಇರಬೇಕು, ಹಗಲೂ ರಾತ್ರಿಯೂ. ಅವರು ಕೇಳಿದ್ದು ಅಷ್ಟೇ. ಅಷ್ಟನ್ನು ಮಾಡಿಕೊಡಲು ನನ್ನ ಕೈಲಾಗದಿದ್ದರೆ ಜೀವಮಾನವೆಲ್ಲ ಗೆರೆ ಎಳೆದು ಏನು ಬಂತು ಎಂದು ಸಿಟ್ಟು ಬಂತು.

ಟೇಪು ಹಿಡಿದು ಕೋಣೆಯನ್ನು ಮತ್ತೆ ಅಳೆದೆ. ಅವರ ಮಂಚಕ್ಕೂ ಕಿಟಕಿಯ ಗೋಡೆಗೂ ನಡುವೆ ಒಬ್ಬರು ನಿಂತು ಕೆಲಸ ಮಾಡುವಷ್ಟು ಸಂದಿ ಇತ್ತು. ಬೆಳಗ್ಗೆ ಮೈ ಒರೆಸಲು ಬರುವ ಹೆಂಗಸಿಗೆ ಆ ಸಂದಿ ಬೇಕೇ ಬೇಕು. ಆಗ ಗಾಡಿಯಲ್ಲಿ ಸೈನಿಕರು ಕೂರುವ ಬೆಂಚು ಕಣ್ಣಮುಂದೆ ಬಂತು. ಗೋಡೆಗೆ ಕೀಲು ಹಾಕಿ ಕೂರಿಸಿದ ಬೆಂಚು. ಸಾಮಾನು ಹೇರುವಾಗ ಅದನ್ನು ಮೇಲಕ್ಕೆ ಮಡಚಿಟ್ಟರೆ ಗೋಡೆಗೆ ಅಂಟಿಕೊಂಡು ನಿಲ್ಲುತ್ತದೆ. ಕ್ಯಾಲೆಂಡರಿನ ಹಳೆಯ ಹಾಳೆಯ ಹಿಂದೆ ಚಿತ್ರ ಬರೆದು ಮುಖ್ಯರಸ್ತೆಯ ವೆಲ್ಡಿಂಗ್ ಅಂಗಡಿಗೆ ಒಯ್ದೆ. ಅಂಗಡಿಯವನು ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

“ಇದ್ರ ಮೇಲೆ ಯಾರು ಮಲಗೋದು ಮೇಡಂ?”

“ನಾನು.”

“ಅಗಲ ಸಾಲಲ್ಲ ಮೇಡಂ, ಬಿದ್ಬಿಡ್ತೀರ.”

“ಅದಕ್ಕಿಂತ ಅಗಲ ಮಾಡಿದ್ರೆ ಕೋಣೇಲಿ ಹಿಡಿಯಲ್ಲಪ್ಪ. ಅಂಚು ಸ್ವಲ್ಪ ಎತ್ತರಿಸಿ ಕೊಡಿ, ಸಾಕು.”

ಎತ್ತರದ ವಿಷಯದಲ್ಲಿ ಮಾತ್ರ ನಾನು ಹಟ ಹಿಡಿದೆ. ಆಂಬ್ಯುಲೆನ್ಸ್ ಗಾಡಿ ಮಾಡುವಾಗ ಪ್ಲೈವುಡ್ಡಿನ ಮಾದರಿಯೊಳಗೆ ಗಾಯಾಳುವಿನ ಬದಲು ನನ್ನನ್ನೇ ಮಲಗಿಸಿದ್ದರು, ವಿಭಾಗದಲ್ಲಿ ಹಗುರವಾಗಿದ್ದವಳು ನಾನೇ ಎಂದು. ಅಂಗಾತ ಮಲಗಿದವರಿಗೆ ಚಾವಣಿ ಕಾಣುತ್ತದೆ, ಪಕ್ಕದಲ್ಲಿ ತನ್ನ ಮಟ್ಟಕ್ಕಿರುವುದು ಕಾಣುತ್ತದೆ, ಬೇರೇನೂ ಇಲ್ಲ. ಅದಕ್ಕೇ ಬೆಂಚನ್ನು ಅವರ ಹಾಸಿಗೆಯ ಮಟ್ಟಕ್ಕೆ ಸರಿಯಾಗಿ, ಅವರ ಕಣ್ಣು ಸಲೀಸಾಗಿ ಹೊರಳುವ ಎಡಗಡೆಗೆ ಕೂರಿಸಿದೆ. ಮಾರನೆಯ ಬೆಳಗ್ಗೆ ಅವರು ನನ್ನನ್ನು ನೋಡಿ, “ಸೈನ್ಯಕ್ಕೆ ಸೇರ್ಬಿಟ್ಯಲ್ಲೇ,” ಎಂದರು. ಸೊಂಟ ಹಿಡಿದುಕೊಂಡಿದ್ದರೂ ನಾನು ನಕ್ಕೆ. ನಾನು ಅವರ ಬಾಯಿಂದ ಕೇಳಿದ ಕೊನೆಯ ತಮಾಷೆ ಅದು. ಆ ತಿಂಗಳಲ್ಲೇ ಮಾತು ನಿಂತಿತು.

ಮಾತು ಹೋದ ಮೇಲೂ ನಾವು ಚೆನ್ನಾಗಿಯೇ ಇದ್ದೆವು. ಹೀಗೆ ಹೇಳಿದರೆ ಕೇಳಿದವರು ಕನಿಕರದಿಂದ ತಲೆಯಾಡಿಸುತ್ತಾರೆ, ಆಡಿಸಲಿ. ರೆಪ್ಪೆ ಒಂದು ಸಲ ಮುಚ್ಚಿದರೆ ಹೌದು, ಎರಡು ಸಲ ಮುಚ್ಚಿದರೆ ಬೇಡ. ನಾನು ಬೆಂಚಿನ ಮೇಲೆ ಮಗ್ಗುಲಾಗಿ ಪೇಪರು ಓದಿ ಹೇಳುತ್ತಿದ್ದೆ. ಓದಿದ್ದು ಹಿಡಿಸದಿದ್ದರೆ ಅವರು ರೆಪ್ಪೆ ಪಟಪಟ ಬಡಿದು ರೇಗಿಸುತ್ತಿದ್ದರು. ಇನ್ನು ಆಸ್ಪತ್ರೆ ಬೇಡ, ಏನಾದರೂ ಮನೆಯಲ್ಲೇ ಆಗಲಿ ಎಂಬುದನ್ನೂ ಅವರು ಮಗಳ ಎದುರಿಗೆ, ಡಾಕ್ಟರ ಎದುರಿಗೆ ಹಾಗೆಯೇ ತಿಳಿಸಿದ್ದರು.

ಅದು ಆಗಿದ್ದು ಒಂದು ಬೆಳಗ್ಗೆ. ಮೈ ಒರೆಸುವ ಹೆಂಗಸು ಕೆಲಸ ಮುಗಿಸಿ ಆಗಷ್ಟೇ ಹೋಗಿದ್ದಳು. ಬೆಂಚು ಗೋಡೆಗೆ ಮಡಚಿಕೊಂಡೇ ಇತ್ತು. ಗಂಜಿ ಕುಡಿಸಲೆಂದು ಅವರ ಮಂಚದ ತಲೆಯ ಕಡೆ ಏರಿಸಿಟ್ಟಿದ್ದೆ. ಬೀದಿಯಲ್ಲಿ ತರಕಾರಿ ಗಾಡಿಯ ಮೈಕು ಈರುಳ್ಳಿ, ಟೊಮ್ಯಾಟೊ ಎಂದು ಕೂಗುತ್ತಿತ್ತು. ನಾನು ಗಂಜಿ ಆರಿಸಿಕೊಂಡು ಒಳಗೆ ಬಂದರೆ ಉಸಿರು ಬೇರೆ ಥರ ಆಗಿತ್ತು. ನೋಡಿದ ಕೂಡಲೇ ತಿಳಿಯಿತು. ಸಂದಿಯೊಳಗೆ ಹೋಗಿ ಅವರ ಕೈ ಹಿಡಿದೆ. ಇನ್ನೊಂದು ಕೈಯಿಂದ ಮಗಳಿಗೆ ಫೋನು ಮಾಡಿದೆ. “ಹೊರಟೆ ಅಮ್ಮ,” ಎಂದಳು. ಬನ್ನೇರುಘಟ್ಟ ರಸ್ತೆಯಲ್ಲಿ ಆ ಹೊತ್ತಿನ ಟ್ರಾಫಿಕ್ಕಿಗೆ ಅವಳು ಬರುವಷ್ಟರಲ್ಲಿ ಏನಾಗಿರುತ್ತದೆಂದು ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಅವರ ಕಣ್ಣು ನನ್ನನ್ನು ನೋಡಿತು. ನಿಂತಿದ್ದ ನನ್ನ ಮುಖ ನೋಡಲು ಕಷ್ಟಪಟ್ಟು ಮೇಲಕ್ಕೆ ಹೊರಳಬೇಕಿತ್ತು. ಆಮೇಲೆ ಬೆಂಚಿನ ಕಡೆ ಹೋಯಿತು. ಮತ್ತೆ ನನ್ನ ಕಡೆ, ಮತ್ತೆ ಬೆಂಚಿನ ಕಡೆ. ಕೂತ್ಕೋ ಅನ್ನುತ್ತಿದ್ದರು.

ಹಳ್ಳದಿಣ್ಣೆಯಲ್ಲಿ ನಮ್ಮ ಕಾರ್ಖಾನೆಯ ಗಾಡಿ ಎದ್ದುಬಿದ್ದು ಓಡುವಾಗ ಮಡಚಿಟ್ಟ ಬೆಂಚು ತಾನಾಗಿ ಬಿಚ್ಚಿಕೊಂಡು ಯಾರ ಮೇಲೂ ಬೀಳಬಾರದು. ಅದಕ್ಕೇ ಎರಡು ತುದಿಗೂ ಒಂದೊಂದು ಚಿಲಕ. ಎರಡನ್ನೂ ಒಟ್ಟಿಗೆ ಒತ್ತಿದರೆ ಮಾತ್ರ ಇಳಿಯುತ್ತದೆ. ಅಲುಗಾಡದ ಕೋಣೆಗೂ ನಾನು ಹಾಗೆಯೇ ಮಾಡಿಸಿದ್ದೆ, ಕೈಗೆ ಬಂದ ರೂಢಿ. ಬೆಂಚು ಇಳಿಸಲು ಎರಡು ಕೈ ಬೇಕು. ಅವರ ಬೆರಳಲ್ಲಿ ಹಿಡಿತವೇ ಇರಲಿಲ್ಲ, ಬಿಡಿಸಿಕೊಳ್ಳುವುದು ಕಷ್ಟವೇನಲ್ಲ. ನಾನು ಬಿಡಿಸಿಕೊಳ್ಳಲಿಲ್ಲ.

“ಪರವಾಗಿಲ್ಲ ರೀ, ನಿಂತ್ಕೊಂಡೇ ಇರ್ತೀನಿ,” ಎಂದೆ. ಎಷ್ಟು ಬಗ್ಗಲಾಗುತ್ತದೋ ಅಷ್ಟು ಬಗ್ಗಿದೆ. ಅವರು ರೆಪ್ಪೆ ಎರಡು ಸಲ ಮುಚ್ಚಿದರು. ಸ್ವಲ್ಪ ಹೊತ್ತಿಗೆ ಉಸಿರು ನಿಂತಿತು.

ಮಗಳು ಫೋನು ಮಾಡಿದ್ದಳೆಂದು ಕೆಳಮನೆಯ ಹೆಂಗಸು ಮೆಟ್ಟಿಲು ಹತ್ತಿ ಬಂದಳು. ನನ್ನ ಭುಜ ಮುಟ್ಟಿ, “ಆಂಟಿ, ಕೂತ್ಕೊಳ್ಳಿ,” ಎಂದಳು. ನಾನು ಬೆಂಚು ತೋರಿಸಿದೆ. ಎರಡೂ ಕಡೆ ಒಟ್ಟಿಗೆ ಒತ್ತಮ್ಮ ಎಂದೆ. ಅವಳು ತೋಳು ಚಾಚಿ ಒತ್ತಿ, ಸದ್ದಾಗದಂತೆ ಇಳಿಸಿದಳು. ನಾನು ಕೂತೆ. ಅವರ ಕಣ್ಣು ತೆರೆದೇ ಇತ್ತು, ಬೆಂಚಿನ ಕಡೆಗೇ ಇತ್ತು. ನನ್ನ ಮುಖ ಈಗ ಅದರ ಮಟ್ಟಕ್ಕೆ ಸರಿಯಾಗಿ ಬಂದಿತ್ತು.